ಹೊಲಿದವರು ಯಾರು

ಶಾಲೆಯ ಹಾಜರಿ ಪುಸ್ತಕ ಅಂಗಡಿಗೆ ವಾಪಸ್ಸು ಬಂದದ್ದು ಸೋಮವಾರ ಬೆಳಿಗ್ಗೆ. ತಂದ ಜವಾನ ಅದನ್ನು ಮೇಜಿನ ಮೇಲೆ ಧೊಪ್ಪನೆ ಹಾಕಿ, "ಕಪಾಟಿನ ಮೇಲೆ ನೀರು ಬಿದ್ದಿತ್ತು. ರಟ್ಟು ಬಾಯಿ ಬಿಟ್ಟಿದೆ ನೋಡಿ. ಕಟ್ಟಿಸಿ ಇನ್ನೂ ವರ್ಷ ಆಗಿಲ್ಲ," ಎಂದ.

"ನೀರಲ್ಲಿ ನೆನೆದ್ರೆ ಮನುಷ್ಯನೇ ಉಬ್ಬಿಕೊಳ್ತಾನೆ. ಪುಸ್ತಕದ್ದೇನು?" ಎಂದ ತಂದೆ. ಪುಸ್ತಕ ಸೊಸೆಯ ಮುಂದೆ ಹೋಗಿ ಬಿತ್ತು.

ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದೇ ಬಾಗಿಲು. ಪುಸ್ತಕ ಕಟ್ಟುವ ಕೆಲಸ ಆ ಮನೆಯಲ್ಲಿ ನಾಲ್ಕು ಕೈಗಳಿಗೆ ಹಂಚಿಹೋಗಿತ್ತು. ಅಚ್ಚಾಗಿ ಬಂದ ದೊಡ್ಡ ಹಾಳೆಗಳನ್ನು ಹದಿನಾರು ಪುಟಗಳ ಫಾರಂಗಳಾಗಿ ಮಡಚಿ, ಒಂದರ ಮೇಲೊಂದು ಕ್ರಮವಾಗಿ ಜೋಡಿಸುವುದು ತಂದೆ. ಜೋಡಿಸಿದ್ದನ್ನು ಹೊಲಿಯುವುದು ತಾಯಿ. ಅಂಚು ಕತ್ತರಿಸುವ ಯಂತ್ರ ಮಗನದು. ರಟ್ಟು, ಬಟ್ಟೆ, ಅಂಟು ಸೊಸೆಯದು. ಮಗಳೊಬ್ಬಳು ಮಾತ್ರ ಎರಡು ಬೀದಿ ಆಚೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಯಾವುದಾದರೂ ಪುಸ್ತಕದಲ್ಲಿ ಪುಟ ಹಿಂದುಮುಂದಾಗಿ ಗಿರಾಕಿ ಜಗಳಕ್ಕೆ ಬಂದರೆ ತಂದೆ ಒಳಕ್ಕೆ ತಿರುಗಿ ಕೂಗುವ ಮಾತು ಒಂದೇ: "ಇದನ್ನ ಹೊಲಿದವರು ಯಾರು?" ಜೋಡಿಸಿ ಕೊಟ್ಟ ಕ್ರಮದಲ್ಲೇ ತಾನು ಹೊಲಿಯುವುದು ಎಂದು ತಾಯಿ ಒಂದು ದಿನವೂ ಹೇಳಿದವಳಲ್ಲ. ಬಿಚ್ಚಿ, ಮತ್ತೆ ಹೊಲಿದು ಕೊಡುತ್ತಿದ್ದಳು.

ಸೊಸೆ ಚಾಕುವಿನ ಬೆನ್ನಿನಿಂದ ಒದ್ದೆ ರಟ್ಟಿನ ಒಳಹಾಳೆಯನ್ನು ಬಿಡಿಸಿದಳು. ಅದರ ಕೆಳಗೆ, ರಟ್ಟಿಗೆ ಬಿಗಿ ಬರಲೆಂದು ಅಂಟಿಸುವ ರದ್ದಿ ಕಾಗದ ಇರುತ್ತದೆ. ಸಾಮಾನ್ಯವಾಗಿ ಅದು ಅಚ್ಚು ಕೆಟ್ಟ ಜಾಹೀರಾತೋ ಹಳೆಯ ಪ್ರಶ್ನೆಪತ್ರಿಕೆಯೋ ಆಗಿರುತ್ತದೆ. ಈ ಕಾಗದದ ತಲೆಯ ಮೇಲೆ ಒಂದು ಪ್ರಯೋಗಾಲಯದ ಹೆಸರಿತ್ತು. ಅದರ ಕೆಳಗೆ ಅವಳ ಗಂಡನ ಹೆಸರು. ತಾರೀಖು ಒಂಬತ್ತು ತಿಂಗಳ ಹಿಂದಿನದು. ವೀರ್ಯಾಣುಗಳ ಸಂಖ್ಯೆ ಎಂಬಲ್ಲಿ, ಹದಿನೈದು ಮಿಲಿಯನ್‌ಗಿಂತ ಹೆಚ್ಚಿರಬೇಕಾದ ಕಡೆ ಎರಡೂ ತುಂಬಿರಲಿಲ್ಲ. ಪಕ್ಕದಲ್ಲಿ ಯಾರೋ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರು.

ಒಂಬತ್ತು ತಿಂಗಳ ಹಿಂದೆ ಅವನು ಮನೆಗೆ ಬಂದು, "ನಂದು ಸರಿ ಇದೆಯಂತೆ," ಎಂದಿದ್ದ. ಅಲ್ಲಿಂದ ಇಲ್ಲಿಯವರೆಗೆ ಅವಳು ಗರ್ಭನಾಳಕ್ಕೆ ಬಣ್ಣ ಹಾಯಿಸುವ ಪರೀಕ್ಷೆ ಮಾಡಿಸಿಕೊಂಡಿದ್ದಳು, ತಲೆ ಸಿಡಿಯುವಂಥ ಮಾತ್ರೆ ನುಂಗಿದ್ದಳು, ಅತ್ತೆ ದಿನಾ ಬೆಳಿಗ್ಗೆ ಯಾವುದೋ ಬೇರಿನ ಪುಡಿ ಕದಡಿ ಕೊಡುವ ಕಹಿ ಹಾಲನ್ನು ಮೂಗು ಮುಚ್ಚಿಕೊಂಡು ಕುಡಿದಿದ್ದಳು.

ಅವಳು ಎದ್ದು ಕತ್ತರಿಸುವ ಯಂತ್ರದ ಹತ್ತಿರ ಹೋದಳು.

"ಈ ಕಾಗದ ನಿಮ್ಮದೇ ತಾನೇ?"

ಅವನು ಯಂತ್ರದ ಹಿಡಿ ಬಿಡಲಿಲ್ಲ. "ಎಲ್ಲಿತ್ತು?"

"ಎಲ್ಲಿ ಇಟ್ಟಿದ್ರೋ ಅಲ್ಲೇ."

"ಆ ಪುಸ್ತಕ ವಾಪಸ್ಸು ಬರಬಾರದಿತ್ತು."

"ಬಂತಲ್ಲ."

"ಮೆಲ್ಲಗೆ ಮಾತಾಡು. ಅಪ್ಪ ಅಲ್ಲೇ ಇದ್ದಾರೆ."

"ಮೆಲ್ಲಗೇ ಮಾತಾಡ್ತಿದೀನಿ. ಹರಿದು ಬಿಸಾಕೋಕೆ ಏನು ಧಾಡಿಯಾಗಿತ್ತು ನಿಮಗೆ?"

"ಕಾಗದ ಹರಿದು ಅಭ್ಯಾಸ ಇಲ್ಲ," ಎಂದ ಅವನು.

ಅದು ನಿಜವೇ. ಆ ಮನೆಯಲ್ಲಿ ಅಂಗೈ ಅಗಲದ ಚೂರನ್ನೂ ಯಾರೂ ಎಸೆಯುತ್ತಿರಲಿಲ್ಲ. ಅವಳಿಗೆ ನಗು ಬಂತು. ಅವಳು ನಕ್ಕಿದ್ದಕ್ಕೆ ಅವನ ಕಿವಿ ಕೆಂಪಾಯಿತು.

"ಭಾನುವಾರದೊಳಗೆ ಮನೇಲಿ ನೀವೇ ಹೇಳಿ," ಎಂದಳು. "ನಾನು ಹೇಳಿದ್ರೆ ಚಾಡಿ ಆಗುತ್ತೆ."

ಅವನು ಮಂಗಳವಾರ ಹೇಳಲಿಲ್ಲ, ಬುಧವಾರವೂ ಹೇಳಲಿಲ್ಲ. ಗುರುವಾರ ತಾಯಿ ಹಾಲಿಗೆ ಪುಡಿ ಕದಡುವುದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ.

"ಅಮ್ಮಾ, ಅದನ್ನ ಕೊಡಬೇಡ."

"ಯಾಕೋ? ಕುಡಿಯೋಳು ಸುಮ್ಮನಿದಾಳೆ, ನಿನಗೇನು ಕಹಿ?"

"ಏನಿಲ್ಲ," ಎಂದು ಅವನು ಅಂಗಡಿಗೆ ಹೋದ. ಸೊಸೆ ಲೋಟ ಖಾಲಿ ಮಾಡಿ, ಅವನು ನಿಂತಿದ್ದ ಜಾಗವನ್ನೇ ನೋಡುತ್ತಾ ಬಾಯಿ ಒರೆಸಿಕೊಂಡಳು.

ಭಾನುವಾರ ಮಧ್ಯಾಹ್ನ ಐವರೂ ಊಟಕ್ಕೆ ಕೂತಿದ್ದರು. ಬೇಳೆ, ಅನ್ನ, ಒಂದೊಂದು ಬೇಯಿಸಿದ ಮೊಟ್ಟೆ. ಅವನು ಮೊಟ್ಟೆಯನ್ನು ನಾಲ್ಕು ಹೋಳು ಮಾಡಿ, ಎಂಟು ಹೋಳು ಮಾಡಿ, ತಿನ್ನದೆ, ತಟ್ಟೆಗೇ ಹೇಳುವವನಂತೆ ಹೇಳಿದ: "ತೊಂದರೆ ನನ್ನದು. ಅವಳದ್ದಲ್ಲ. ಆಗಲೇ ಗೊತ್ತಿತ್ತು. ರಿಪೋರ್ಟನ್ನ ಶಾಲೆ ಪುಸ್ತಕದ ರಟ್ಟಿನೊಳಗೆ ಅಂಟಿಸಿಬಿಟ್ಟಿದ್ದೆ."

ಮಗಳು, "ಗುಟ್ಟು ರಟ್ಟಾಗೋದು ಅಂದ್ರೆ ಇದೇ ಅಲ್ವಾ ಅಣ್ಣಾ," ಎಂದಳು. ಅಂದ ಮೇಲೆ ಅನ್ನಬಾರದಿತ್ತು ಅನ್ನಿಸಿ ನೀರು ಕುಡಿದಳು.

"ಊಟದ ಹೊತ್ತಲ್ಲಿ ಇದೆಂಥ ಮಾತು," ಎಂದ ತಂದೆ.

"ಬೇರೆ ಹೊತ್ತು ಸಿಗ್ಲಿಲ್ಲ."

"ಸೊಸೆ ಎದುರಿಗೆ, ತಂಗಿ ಎದುರಿಗೆ! ನಮ್ಮ ಕಡೆ ಯಾರಿಗೂ ಇಂಥದ್ದಿಲ್ಲಪ್ಪಾ. ನಮ್ಮಪ್ಪನಿಗೆ ಆರು ಮಕ್ಕಳು." ಹೆಂಡತಿಯ ಕಡೆಗೆ ಗಲ್ಲ ಎತ್ತಿ ತೋರಿಸಿದ. "ಬಂದಿದ್ರೆ ಆ ಕಡೆಯಿಂದ ಬಂದಿರಬೇಕು. ಎಷ್ಟಾದ್ರೂ ಸೋರುಗಡಿಗೆ ಮಗ ಅಲ್ವಾ!"

ಸೋರುಗಡಿಗೆ ಎಂಬುದು ತಾಯಿಗೆ ಆ ಮನೆಯಲ್ಲಿ ಇದ್ದ ಹೆಸರು. ಹಾಲು ಉಕ್ಕಿದರೆ, ಸೂಜಿ ಕಳೆದರೆ, ಬೀದಿಯಲ್ಲಿ ಯಾರದೋ ಸುದ್ದಿ ಹರಡಿದರೆ ತಂದೆ ಅದೇ ಹೆಸರು ಹಿಡಿದು ಕರೆಯುತ್ತಿದ್ದ. ತಾಯಿಯ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಅದಕ್ಕೇ ಆ ಹೆಸರು ಎಂದು ಮಕ್ಕಳಿಬ್ಬರೂ ಚಿಕ್ಕಂದಿನಿಂದ ತಿಳಿದಿದ್ದರು. ತಾವೂ ಕರೆಯುತ್ತಿದ್ದರು. ತಾಯಿ ರೂಢಿಯಂತೆ ನಕ್ಕಳು. ನಗು ತುಟಿಯ ಮೇಲಿರುವಾಗಲೇ ತಟ್ಟೆ ಎತ್ತಿಕೊಂಡು ಎದ್ದುಹೋದಳು.

ಮರುದಿನ ಬೆಳಿಗ್ಗೆ ಲೋಟದಲ್ಲಿ ಪುಡಿ ಇರಲಿಲ್ಲ. ಅತ್ತೆ ಅದನ್ನು ಕೈಗೆ ಕೊಡದೆ ಒಲೆಯ ಪಕ್ಕದಲ್ಲಿಟ್ಟು, ಗೋಡೆ ನೋಡುತ್ತಾ, "ಬರೀ ಹಾಲು. ಸಕ್ಕರೆ ಹಾಕಿದೀನಿ ಕಣಮ್ಮಾ," ಎಂದಳು. ಮದುವೆಯಾಗಿ ನಾಲ್ಕು ವರ್ಷದಲ್ಲಿ ಅವಳ ಬಾಯಲ್ಲಿ 'ಅಮ್ಮಾ' ಎಂದು ಬಂದದ್ದು ಅದೇ ಮೊದಲು. ಸೊಸೆ ಅರ್ಧ ಕುಡಿದು, ಉಳಿದರ್ಧವನ್ನು ಮೆಲ್ಲಗೆ ಮೋರಿಗೆ ಚೆಲ್ಲಿದಳು. ಬರೀ ಹಾಲೂ ಈಗ ಅವಳಿಗೆ ಕಹಿಯಾಗಿತ್ತು.

ಗಂಡ ಹೆಂಡತಿ ಆಸ್ಪತ್ರೆಗೆ ಹೋದರು. ಸಂಖ್ಯೆ ಇಷ್ಟು ಕಡಿಮೆ ಇದ್ದರೆ ವರ್ಣತಂತುಗಳನ್ನೂ ನೋಡಬೇಕು ಎಂದು ಡಾಕ್ಟರು ರಕ್ತ ತೆಗೆಸಿದರು. ಫಲಿತಾಂಶ ಬರಲು ಮೂರು ವಾರ ಹಿಡಿಯಿತು. ಆ ಮೂರು ವಾರ ಮಗ ಅಂಗಡಿಯ ಹೊರಗಿನ ಬೆಂಚಿನ ಮೇಲೆ ಚಹಾ ಕುಡಿಯುವುದನ್ನು ಬಿಟ್ಟ. ಪಕ್ಕದ ಕ್ಷೌರದವನು "ಏನು ಸಾಹೇಬ್ರು ಕಾಣಿಸ್ತಾನೇ ಇಲ್ಲ" ಎಂದರೆ ಯಂತ್ರದ ಸದ್ದು ಜೋರು ಮಾಡುತ್ತಿದ್ದ.

ಇಂಥ ಫಲಿತಾಂಶ ವಿವರಿಸಲೆಂದೇ ಆಸ್ಪತ್ರೆಯಲ್ಲಿ ಒಬ್ಬ ಹೆಂಗಸಿದ್ದಳು. ಅವಳು ಒಂದು ಚಿತ್ರವನ್ನು ಮೇಜಿನ ಮೇಲೆ ಹರಡಿದಳು. ಕಪ್ಪು ಬಿಳುಪು ಪಟ್ಟೆಗಳ ಹುಳುಗಳಂಥವು, ಸಾಲು ಸಾಲಾಗಿ ಇಪ್ಪತ್ತಮೂರು ಜೋಡಿ.

"ಇವೇ ವರ್ಣತಂತುಗಳು. ಪ್ರತಿ ಜೋಡಿಯಲ್ಲಿ ಒಂದು ತಂದೆಯಿಂದ, ಒಂದು ತಾಯಿಯಿಂದ ಬಂದಿರುತ್ತೆ. ನಿಮ್ಮಲ್ಲಿ ಏನಾಗಿದೆ ಅಂದ್ರೆ, ಇದರ ತುದಿಯ ತುಂಡು ಅದಕ್ಕೆ ಅಂಟಿಕೊಂಡಿದೆ, ಅದರ ತುದಿಯ ತುಂಡು ಇದಕ್ಕೆ. ಏನೂ ಕಳೆದಿಲ್ಲ. ಅದಕ್ಕೇ ನೀವು ಆರೋಗ್ಯವಾಗಿದೀರಿ."

ಮಗ ಬಹಳ ಹೊತ್ತು ನೋಡಿದ. "ಫಾರಂ ಅದಲುಬದಲಾಗಿದೆ," ಎಂದ.

"ಅಂದ್ರೆ?"

"ಎರಡು ಬೇರೆ ಬೇರೆ ಪುಸ್ತಕ ಜೋಡಿಸ್ತಿರ್ತೀವಿ ಅಂದ್ಕೊಳ್ಳಿ. ಇದರ ಕೊನೇ ಫಾರಂ ಅದಕ್ಕೆ, ಅದರದ್ದು ಇದಕ್ಕೆ ಹೋಗಿಬಿಡುತ್ತೆ. ಎರಡನ್ನೂ ಒಬ್ಬನೇ ಕೊಂಡ್ಕೊಂಡ್ರೆ ಏನೂ ತೊಂದರೆಯಿಲ್ಲ, ಪುಟ ಎಲ್ಲಾ ಮನೇಲೇ ಇರುತ್ತೆ. ಒಂದನ್ನ ಮಾತ್ರ ಬೇರೆಯವರಿಗೆ ಕೊಟ್ರೆ ಫಜೀತಿ."

"ಸರಿಯಾಗಿ ಹೇಳಿದ್ರಿ," ಎಂದಳು ಆ ಹೆಂಗಸು, ನಿಜವಾಗಿ ಸಂತೋಷಪಟ್ಟು. "ಮಗುವಿಗೆ ಪ್ರತಿ ಜೋಡಿಯಿಂದ ಒಂದೊಂದನ್ನೇ ಕೊಡೋದಲ್ವಾ? ಕೆಲವು ಪುಟ ಎರಡೆರಡು ಸಲ ಹೋಗುತ್ತೆ, ಕೆಲವು ಹೋಗೋದೇ ಇಲ್ಲ. ಅಂಥ ಗರ್ಭ ಬಹಳಷ್ಟು ಸಲ ನಿಲ್ಲಲ್ಲ. ಕೆಲವು ಗಂಡಸರಲ್ಲಿ ಇದರಿಂದಲೇ ವೀರ್ಯಾಣು ತಯಾರಾಗೋದೂ ಕಡಿಮೆಯಾಗುತ್ತೆ. ನಿಮ್ಮ ತಾಯಿಗೆ ಗರ್ಭ ನಿಲ್ಲದೆ ಹೋದದ್ದು ಇತ್ತಾ?"

"ಇಲ್ಲ," ಎಂದ ಮಗ.

"ಕೇಳಿ ಹೇಳ್ತೀವಿ," ಎಂದಳು ಹೆಂಡತಿ.

ಅವತ್ತು ಸಂಜೆ ತಾಯಿ ಹೊಲಿಗೆಯ ದಾರಕ್ಕೆ ಮೇಣ ಎಳೆಯುತ್ತಿದ್ದಳು. ತಂದೆ ಕಾಗದ ತರಲು ಹೋಗಿದ್ದ. ಸೊಸೆ ಎದುರಿಗೆ ಕೂತು ಕೇಳಿದಳು.

"ಐದು," ಎಂದಳು ಅತ್ತೆ, ದಾರ ಬಿಡದೆ. "ಮೂರು ಆದ ಮೇಲೆ ಇವನು ಹುಟ್ಟಿದ. ಆಮೇಲೆ ಎರಡು. ಆಮೇಲೆ ಇವಳು."

ಬಾಗಿಲಲ್ಲಿ ನಿಂತಿದ್ದ ಮಗ, "ನಮಗೆ ಯಾವತ್ತೂ ಹೇಳಲೇ ಇಲ್ಲ," ಎಂದ.

"ದಿನಾ ಹೇಳ್ತಾನೇ ಇದೀರಲ್ಲೋ. ಸೋರುಗಡಿಗೆ ಸೋರುಗಡಿಗೆ ಅಂತ. ಹೆಸರು ಸುಮ್ಮನೆ ಬಂತಾ? ಮೂರನೇದು ಹೋದಾಗ ನಿಮ್ಮಜ್ಜಿ ಇಟ್ಟಿದ್ದು. ಈ ಗಡಿಗೇಲಿ ಏನು ತುಂಬಿದ್ರೂ ನಿಲ್ಲಲ್ಲ ಅಂದ್ರು. ನಿಮ್ಮಪ್ಪನಿಗೆ ತಮಾಷೆಯಾಗಿ ಕಾಣಿಸ್ತು."

ಕನ್ನಡಕದ ಅಂಗಡಿಯಿಂದ ಆಗ ತಾನೇ ಬಂದ ಮಗಳು ಚೀಲ ಕೂಡ ಇಳಿಸಿರಲಿಲ್ಲ. "ಅಮ್ಮಾ, ಅದು ನಿನ್ನ ಬಾಯಿಗೆ ಇಟ್ಟ ಹೆಸರು ಅಲ್ವಾ? ಮಾತು ಸೋರುತ್ತೆ ಅಂತ?"

"ನನ್ನ ಬಾಯಿಂದ ಇಷ್ಟು ವರ್ಷದಲ್ಲಿ ಏನು ಸೋರಿದೆ, ಹೇಳು ನೋಡೋಣ."

ಮಗಳು ತನಗೆ ಮದುವೆ ಗೊತ್ತಾದ ಹುಡುಗನ ಹತ್ತಿರ ಹಿಂದಿನ ವಾರವೇ ಫೋನಿನಲ್ಲಿ, "ನಮ್ಮನೇ ಸೋರುಗಡಿಗೆಗೆ ಏನೂ ಹೇಳ್ಬೇಡ" ಎಂದು ನಕ್ಕಿದ್ದಳು. ಚೀಲ ಹೆಗಲಲ್ಲಿ ಇದ್ದಂತೆಯೇ ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದಳು.

"ನಮ್ಮಕ್ಕ," ಎಂದು ತಾಯಿ ಸೊಸೆಗೆ ಹೇಳಿದಳು, "ಅವಳ ಮಗಳು ಹುಟ್ಟಿದಾಗ ನೋಡೋಕೆ ಹೋಗಿದ್ದೆ. ಎತ್ಕೊಳ್ಳೋಕೆ ಕೈ ಚಾಚಿದೆ. 'ನೀನು ಮುಟ್ಟೋದು ಬೇಡ ಕಣೇ, ಬೇಜಾರು ಮಾಡ್ಕೋಬೇಡ' ಅಂದಳು. ಬೇಜಾರು ಮಾಡ್ಕೊಳ್ಳಲಿಲ್ಲ. ಅವಳು ಹೇಳೋದರಲ್ಲೂ ನ್ಯಾಯ ಇದೆ ಅನ್ನಿಸ್ತು ನನಗೆ."

ತಂದೆ ತಾಯಿ ಇಬ್ಬರ ರಕ್ತವನ್ನೂ ನೋಡುವುದು ಒಳ್ಳೆಯದು ಎಂದು ಆಸ್ಪತ್ರೆಯ ಹೆಂಗಸು ಹೇಳಿಕಳಿಸಿದ್ದಳು. ಇಬ್ಬರಲ್ಲೂ ಇಲ್ಲದಿದ್ದರೆ ಅದು ಮಗನಲ್ಲೇ ಹೊಸದಾಗಿ ಆದದ್ದು, ಮಗಳು ಹೆದರಬೇಕಿಲ್ಲ. ಒಬ್ಬರಲ್ಲಿದ್ದರೆ ಮಗಳಿಗೂ ಬಂದಿರಬಹುದು. ಅವಳ ಮದುವೆಗೆ ಇನ್ನು ನಾಲ್ಕು ತಿಂಗಳಿತ್ತು.

ತಾಯಿ ಮರುದಿನವೇ ಹೊರಟಳು. "ನೋಡೋದೇನು, ನಂದೇ ಇರುತ್ತೆ," ಎಂದು ಸೊಸೆಯ ಜೊತೆ ಬಸ್ಸು ಹತ್ತಿದಳು. ತಂದೆ ಬರಲಿಲ್ಲ. ಲೆಕ್ಕದ ಪುಸ್ತಕಗಳ ಕಾಲ, ಅಂಗಡಿ ಬಿಡುವಂತಿಲ್ಲ ಎಂದ. "ಎರಡು ಮಕ್ಕಳು ಕಣ್ಣೆದುರಿಗೆ ಓಡಾಡ್ತಿವೆ. ನನ್ನ ರಕ್ತ ನೋಡಿ ಅವರೇನು ಮಾಡ್ತಾರೆ?"

ತಾಯಿಯ ಫಲಿತಾಂಶವನ್ನು ಮಗಳು ಅಂಗಡಿಯಲ್ಲೇ ಓದಿದಳು. "ಸರಿಯಾಗಿದೆ ಅಂತ ಇದೆ ಅಮ್ಮಾ."

"ಯಾರದ್ದು?"

"ನಿಂದು."

"ಇನ್ನೊಂದು ಸಲ ಓದು."

ಮೂರು ಸಲ ಓದಿದ ಮೇಲೆ ತಾಯಿ ಕನ್ನಡಕ ಹಾಕಿಕೊಂಡು, ತನ್ನ ಹೆಸರಿನ ಮೇಲೆ ಬೆರಳಿಟ್ಟು ನೋಡಿದಳು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೂಜಿಗಳ ಡಬ್ಬಿಯಲ್ಲಿ ಇಟ್ಟಳು. ತಂದೆ ಬೆನ್ನು ಹಾಕಿ ಫಾರಂ ಜೋಡಿಸುತ್ತಿದ್ದ. ಅವನ ಕೈ ನಿಲ್ಲಲಿಲ್ಲ. ಆದರೆ ಅವತ್ತು ಅವನು ಜೋಡಿಸಿ ಕೊಟ್ಟ ಪುಸ್ತಕದಲ್ಲಿ ಐದನೆಯ ಫಾರಂ ಮೂರನೆಯದಕ್ಕಿಂತ ಮೊದಲು ಬಂದಿತ್ತು. ತಾಯಿ ಅದನ್ನು ಹೊಲಿಯದೆ ವಾಪಸ್ಸು ಅವನ ಮುಂದೆ ಇಟ್ಟಳು.

ಆಮೇಲಿನ ವಾರ ಪೂರ್ತಿ ಜಗಳವೇ.

"ಅವನಲ್ಲೇ ಹೊಸದಾಗಿ ಶುರುವಾಗಿರಬಹುದು ಅಂತ ಆ ಹೆಂಗಸೇ ಹೇಳಿದಾಳಂತಲ್ಲ," ಎನ್ನುತ್ತಿದ್ದ ತಂದೆ.

"ಹಾಗಾದ್ರೆ ಅಮ್ಮಂಗೆ ಐದು ಹೋದದ್ದು?" ಎಂದಳು ಮಗಳು.

"ಆಗಿನ ಕಾಲದಲ್ಲಿ ಹೋಗ್ತಿತ್ತು."

"ನೀವು ರಕ್ತ ಕೊಡದಿದ್ರೆ ನಾನೇ ಕೊಡ್ತೀನಿ."

"ಮದುವೆ ಗೊತ್ತಾದ ಹುಡುಗಿ ಅಂಥ ಆಸ್ಪತ್ರೆ ಮೆಟ್ಟಿಲು ಹತ್ತಿದ್ರೆ ನೋಡಿದವರು ಏನಂತಾರೆ?"

"ನೋಡಲಿ. ಕಣ್ಣು ಕಾಣದಿದ್ರೆ ನಮ್ಮಂಗಡಿಗೆ ಬರಲಿ, ಕನ್ನಡಕ ಕೊಡ್ತೀನಿ."

"ನಾಲಿಗೆ ನೋಡು ಇವಳದ್ದು!"

ಅಷ್ಟು ದಿನ ಬಾಯಿ ಬಿಡದಿದ್ದ ಮಗ ಯಂತ್ರ ನಿಲ್ಲಿಸಿದ. "ಅಪ್ಪಾ, ನಾನು ಒಂಬತ್ತು ತಿಂಗಳು ಮುಚ್ಚಿಟ್ಟೆ. ಇವಳು ನನ್ನ ಕಾಯಿಲೆಗೆ ಔಷಧಿ ಕುಡಿದಳು. ಈಗಲೂ ಇವಳ ಮುಖ ನೋಡಿ ಊಟ ಮಾಡೋಕಾಗಲ್ಲ ನನಗೆ. ನೀವು ಇನ್ನೂ ಎಷ್ಟು ತಿಂಗಳು ಮುಚ್ಚಿಡ್ತೀರಿ?"

"ನಾನೇನು ಮುಚ್ಚಿಟ್ಟೆ? ನನಗೆ ಗೊತ್ತೇ ಇರಲಿಲ್ಲ!"

"ಅದಕ್ಕೇ ಹೇಳ್ತಿರೋದು. ಗೊತ್ತುಮಾಡ್ಕೊಳ್ಳಿ."

ತಂದೆ ಅಂಟಿನ ಡಬ್ಬಿಯ ಮುಚ್ಚಳ ಹುಡುಕಿದ. ಅದು ಅವನ ಕೈಯಲ್ಲೇ ಇತ್ತು.

ಮರುದಿನ ಮಗಳು ಹೊರಟಾಗ ಅವನೂ ಚಪ್ಪಲಿ ಮೆಟ್ಟಿಕೊಂಡ. ಬಸ್ಸಿನಲ್ಲಿ ಮಗಳ ಪಕ್ಕ ಕೂರದೆ ಹಿಂದಿನ ಸೀಟಿನಲ್ಲಿ ಕೂತ. ಒಂದೇ ಕುರ್ಚಿಯಲ್ಲಿ ಒಬ್ಬರಾದ ಮೇಲೆ ಒಬ್ಬರು ಕೂತು ರಕ್ತ ಕೊಟ್ಟರು.

ಮೂರು ವಾರವಾದ ಮೇಲೆ ಆ ಹೆಂಗಸು ತಂದೆಯ ಮುಂದೆ ಚಿತ್ರ ಹರಡಿ, ಮಗ ಕಲಿಸಿಕೊಟ್ಟ ಮಾತಿನಲ್ಲೇ ಹೇಳಿದಳು: ಎರಡು ಪುಸ್ತಕ, ಕೊನೆಯ ಫಾರಂ ಅದಲುಬದಲು, ಮಗನಲ್ಲಿ ಇದ್ದಂತೆಯೇ, ಅದೇ ಎರಡು ಪುಸ್ತಕ. ತಂದೆಗೆ ಎರಡನೆಯ ಸಲ ಕೇಳಬೇಕಾಗಲಿಲ್ಲ.

"ನನಗೆ ಮಕ್ಕಳಾದ್ವಲ್ಲ?"

"ಇದೇ ಅದಲುಬದಲು ಇದ್ರೂ ಕೆಲವು ಗಂಡಸರಿಗೆ ಸಂಖ್ಯೆ ಕಡಿಮೆಯಾಗಲ್ಲ. ನಿಮಗೆ ಆಗಿರಲಿಲ್ಲ, ನಿಮ್ಮ ಮಗನಿಗೆ ಆಗಿದೆ. ಆದ್ರೆ ಹೋದ ಐದು ಗರ್ಭಕ್ಕೆ ಬಹುಶಃ ಇದೇ ಕಾರಣ."

"ಹೊಲಿಗೆಯದ್ದಲ್ಲ, ಹಾಗಾದ್ರೆ."

"ಯಾವ ಹೊಲಿಗೆ?"

"ಏನಿಲ್ಲಮ್ಮಾ. ಜೋಡಿಸುವಾಗಲೇ ಆದದ್ದು."

"ಇದು ಯಾರ ತಪ್ಪೂ ಅಲ್ಲ," ಎಂದಳು ಅವಳು. ಎಲ್ಲರಿಗೂ ಹೇಳುವ ಮಾತು ಅದು. ತಂದೆ ತಲೆ ತಗ್ಗಿಸಿ ತನ್ನ ಉಗುರಿನಲ್ಲಿ ಒಣಗಿದ್ದ ಅಂಟನ್ನು ಕೆರೆಯುತ್ತಿದ್ದ. ಮಗಳ ಲಕೋಟೆಯನ್ನು ಅವಳು ಬೇರೆಯಾಗಿ ಕೊಟ್ಟಳು. ಮಗಳು ಅಲ್ಲೇ ಓದಿ ಚೀಲದಲ್ಲಿ ಹಾಕಿಕೊಂಡಳು. ಮನೆಯಲ್ಲಿ ಕೇಳಿದಾಗ, "ಮೊದಲು ಮದುವೆಯಾಗೋನಿಗೆ ಹೇಳ್ತೀನಿ. ಆಮೇಲೆ ನಿಮಗೆ," ಎಂದಳು. ಅವಳ ದನಿ ಕೇಳಿ ಯಾರೂ ಮತ್ತೆ ಕೇಳಲಿಲ್ಲ. ಮಗ-ಸೊಸೆಗೆ ಮುಂದಿನ ದಾರಿಯನ್ನೂ ಆಸ್ಪತ್ರೆಯವರು ಹೇಳಿದ್ದರು: ಭ್ರೂಣವನ್ನು ಹೊರಗೆ ಬೆಳೆಸಿ, ನೋಡಿ, ಸರಿಯಿದ್ದದ್ದನ್ನು ಗರ್ಭದಲ್ಲಿ ಇಡಬಹುದು. ದುಬಾರಿ, ಖಾತ್ರಿಯೂ ಇಲ್ಲ. "ಮೊದಲು ಸ್ವಲ್ಪ ದಿನ ನನ್ನನ್ನ ಸುಮ್ಮನೆ ಬಿಡಿ," ಎಂದಿದ್ದಳು ಸೊಸೆ.

ತಂದೆ ಎಲ್ಲರೂ ಉಂಡ ಮೇಲೆ ಒಬ್ಬನೇ ಉಣ್ಣತೊಡಗಿದ. ತನ್ನ ತಟ್ಟೆ ತಾನೇ ತೊಳೆದ. ಎರಡನೆಯ ದಿನ ಎಲ್ಲರ ತಟ್ಟೆಯನ್ನೂ ತೊಳೆದ. ನೀರು ತುಂಬಿಸಿದ, ಒಲೆ ಒರೆಸಿದ, ಹೆಂಡತಿಯ ಸೂಜಿಗಳಿಗೆಲ್ಲ ದಾರ ಪೋಣಿಸಿಟ್ಟ. ಬಾಯಿ ಮಾತ್ರ ಬಿಡಲಿಲ್ಲ. ನಾಲ್ಕನೆಯ ದಿನ ಅವನು ಬಾಣಲೆ ಉಜ್ಜುತ್ತಿದ್ದಾಗ ತಾಯಿ ಬಂದು ನಲ್ಲಿ ನಿಲ್ಲಿಸಿದಳು.

"ಪಾತ್ರೆ ಬಿಡಿ. ನೀವು ತೊಳೆದದ್ದನ್ನ ನಾನು ಮತ್ತೆ ತೊಳೀಬೇಕು."

"ಏನು ಮಾಡಲಿ ಹೇಳು ಮತ್ತೆ."

"ನಮ್ಮಕ್ಕನಿಗೆ ಹೇಳಿ."

"ಅವರಿಗ್ಯಾಕೆ? ಮನೆ ಮಾತು ಮನೇಲಿರಲಿ. ನಿನಗೆ ಹೇಳ್ತೀನಿ, ಬೇಕಾದ್ರೆ ಮಕ್ಕಳ ಎದುರಿಗೇ—"

"ನನಗೆ ಗೊತ್ತಾಯ್ತಲ್ಲ, ಕಾಗದದಲ್ಲಿದೆ. ಮಕ್ಕಳಿಗೂ ಗೊತ್ತಾಯ್ತು. ನನ್ನ ಮಾತು ಮನೇಲಿ ಇತ್ತೇನ್ರೀ? ಬೀದಿ ತುಂಬಾ ಇತ್ತು, ತವರು ತುಂಬಾ ಇತ್ತು. ಅಕ್ಕನಿಗೆ ಹೇಳಿ."

ಅವನು ಕೈ ಒರೆಸಿಕೊಂಡು ಅಂಗಡಿಗೆ ಹೋದ. ಮನೆಯ ಫೋನು ಇದ್ದದ್ದು ಅಲ್ಲೇ, ಗಲ್ಲಾಪೆಟ್ಟಿಗೆಯ ಪಕ್ಕ. ಹಗಲು ಹನ್ನೊಂದು ಗಂಟೆ. ಮಗ ಯಂತ್ರದ ಹತ್ತಿರ, ಸೊಸೆ ಅಂಟಿನ ಹತ್ತಿರ. ಒಬ್ಬ ಗಿರಾಕಿ ರಶೀದಿ ಪುಸ್ತಕಗಳ ಕಟ್ಟು ಹಿಡಿದು ನಿಂತಿದ್ದ. "ಒಂದು ನಿಮಿಷ," ಎಂದು ತಂದೆ ಅವನನ್ನು ಕೂರಿಸಿ, ನಂಬರು ಒತ್ತಿದ. ತಾಯಿ ತನ್ನ ಜಾಗದಲ್ಲಿ ಕೂತು ಹೊಲಿಗೆ ಎತ್ತಿಕೊಂಡಳು.

"ಅಕ್ಕಾ, ನಾನು," ಎಂದ ತಂದೆ, ಗೋಡೆಯ ಕಡೆ ತಿರುಗಿ, ಬಾಯಿಗೆ ಕೈ ಅಡ್ಡ ಇಟ್ಟು. "ಆಗ ಮಕ್ಕಳು ಹೋದ್ವಲ್ಲ, ಅದು... ಅದು ನನ್ನ ಕಡೆಯಿಂದ ಅಂತೆ."

ಅತ್ತ ಕಡೆಯಿಂದ ಇಡೀ ಅಂಗಡಿಗೆ ಕೇಳುವಷ್ಟು ಜೋರಾಗಿ, "ಯಾರು? ಏನು ಹೋಯ್ತು?" ಎಂಬ ದನಿ ಬಂತು. ಆಕೆಗೆ ಎರಡು ವರ್ಷದಿಂದ ಕಿವಿ ಮಂದವಾಗಿತ್ತು.

"ಹೋದ ಮಕ್ಕಳು, ಅಕ್ಕಾ. ಪರೀಕ್ಷೆ ಮಾಡಿಸಿದ್ವಿ. ದೋಷ ನನ್ನದು."

"ದೋಸ್ತಿನಾ? ಯಾವ ದೋಸ್ತಿ?"

ಗಿರಾಕಿ ಕಟ್ಟನ್ನು ತೊಡೆಯ ಮೇಲೆ ಸರಿಮಾಡಿಕೊಂಡು, ಗೋಡೆಯ ಕ್ಯಾಲೆಂಡರನ್ನು ಓದತೊಡಗಿದ. ಮಗ ಯಂತ್ರದ ಸದ್ದು ಜೋರು ಮಾಡಲು ಕೈ ಚಾಚಿದ. ಸೊಸೆ ಅವನ ಮಣಿಕಟ್ಟು ಹಿಡಿದು, ಯಂತ್ರವನ್ನು ಪೂರ್ತಿ ನಿಲ್ಲಿಸಿದಳು.

ತಂದೆ ಬಾಯಿಗೆ ಅಡ್ಡ ಇಟ್ಟಿದ್ದ ಕೈ ತೆಗೆದ.

"ದೋಷ ನನ್ನದು, ಅಕ್ಕಾ!" ಎಂದು ಕೂಗಿದ. "ನನ್ನ ರಕ್ತದಲ್ಲಿತ್ತು! ಐದೂ ನನ್ನಿಂದ ಹೋದವು! ಅವಳದ್ದು ಏನೂ ಇರಲಿಲ್ಲ! ಅವಳು ಸರಿಯಾಗೇ ಇದ್ದಳು!"

ಪಕ್ಕದ ಕ್ಷೌರದವನ ಕತ್ತರಿಯ ಸದ್ದು ನಿಂತಿತು. ತಂದೆಯ ಕತ್ತು ಹಣೆ ಎಲ್ಲ ಬೆವತಿತ್ತು. ಆಮೇಲೆ ಫೋನಿನಿಂದ, ಅದೇ ಜೋರು ದನಿಯಲ್ಲಿ, ಆದರೆ ಅಲ್ಲಲ್ಲಿ ಒಡೆದು, "ಅವಳು ಇದಾಳಾ ಅಲ್ಲಿ? ಕೊಡಿ ಅವಳಿಗೆ," ಎಂಬ ಮಾತು ಬಂತು.

ತಂದೆ ಫೋನನ್ನು ಹೆಂಡತಿಯ ಕಡೆಗೆ ಚಾಚಿದ. ಅವಳು ತಲೆ ಎತ್ತಲಿಲ್ಲ. ಸೂಜಿಯನ್ನು ಫಾರಂನ ಬೆನ್ನಿಗೆ ತೂರಿಸಿ, ಈಚೆಗೆ ಎಳೆದು, ದಾರ ಬಿಗಿ ಮಾಡಿದಳು.

"ಈಗ ಕೈ ಖಾಲಿ ಇಲ್ಲ ಅನ್ನಿ," ಎಂದಳು. "ಬಿಡುವಾದಾಗ ನಾನೇ ಮಾಡ್ತೀನಿ."